ಸಣ್ಣ ಪಕ್ಷದ ಲೀಡರ್‌ಗಳು ಎಂಥವರು ಅಂತ ತಿಳ್ಕೊಳ್ಳೋದು ಹೆಂಗೆ? ನನ್ನನ್ನ ತಾಲೂಕು ಸಂಚಾಲಕ ಆಗಿ ಅಂತಿದಾರೆ

ಕೆರೆಯಂಗಳ:

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ಕಡೆಯವನು, ಸ್ವಲ್ಪ ಕಬ್ಬು ಸ್ವಲ್ಪ ರೇಷ್ಮೆ, ಜೊತೆಗೊಂದು ಗೊಬ್ಬರದ ಅಂಗಡಿ ಇದೆ. ಇಲ್ಲಿವರೆಗೂ ಯಾವ ಪಾರ್ಟಿ ಶಾಲೂ ಹಾಕ್ಕೊಂಡಿಲ್ಲ. ಈಗ ಒಂದು ಸಣ್ಣ ಪಕ್ಷದವರು ಮನೆಗೇ ಬಂದು ನೀವು ತಾಲೂಕು ಸಂಚಾಲಕರಾಗಬೇಕು ಅಂತ ಕೂತಿದಾರೆ. ಪಕ್ಷದ ಹೆಸರು ಇಲ್ಲಿ ಬೇಡ. ಜಿಲ್ಲಾ ಪಂಚಾಯ್ತಿ ತಾಲೂಕು ಪಂಚಾಯ್ತಿ ಅವಧಿ 2021ಕ್ಕೇ ಮುಗಿದುಹೋಯ್ತು, ಎಲೆಕ್ಷನ್ ಯಾವಾಗ ಬೇಕಾದ್ರೂ ಅನೌನ್ಸ್ ಆಗಬಹುದು, ಅಷ್ಟರೊಳಗೆ ತಾಲೂಕಿಗೊಬ್ಬ ಮುಖ ಬೇಕು ಅನ್ನೋದು ಅವರ ಲೆಕ್ಕ.

ನನ್ನ ಕಷ್ಟ ಏನಂದ್ರೆ ಇವರ ನಾಯಕರು ಎಂಥವರು ಅಂತ ತಿಳ್ಕೊಳ್ಳೋಕೆ ದಾರಿನೇ ಸಿಗ್ತಿಲ್ಲ. ದೊಡ್ಡ ಪಕ್ಷದ ಲೀಡರ್ ಆದ್ರೆ ಎದುರು ಪಕ್ಷದವರೇ ಹಳೇದೆಲ್ಲ ಕೆದಕಿ ಹೊರಗೆ ಹಾಕ್ತಾರೆ, ಟಿವಿಯವರು ಹಾಕ್ತಾರೆ, ನಮಗೂ ಇಪ್ಪತ್ತು ವರ್ಷದ ಕತೆ ಗೊತ್ತಿರುತ್ತೆ. ಸಣ್ಣ ಪಕ್ಷದವರ ಬಗ್ಗೆ ಕೆದಕೋಕೆ ಯಾರಿಗೂ ಪುರುಸೊತ್ತಿಲ್ಲ. ಅವರದೇ ಫೇಸ್‌ಬುಕ್ ಪೇಜು, ಅವರದೇ ಯೂಟ್ಯೂಬ್ ಚಾನೆಲ್ಲು, ಅಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ.

ಹೋದ ತಿಂಗಳು ನಮ್ಮೂರ ಸಮುದಾಯ ಭವನದಲ್ಲಿ ಮೀಟಿಂಗ್ ಮಾಡಿದ್ರು, ರಾಜ್ಯಾಧ್ಯಕ್ಷರು ಬಂದಿದ್ರು. ಭಾಷಣ ನಿಜವಾಗ್ಲೂ ಚೆನ್ನಾಗಿತ್ತು, ಚೀಟಿ ನೋಡದೆ ಬಜೆಟ್ ಲೆಕ್ಕ ಎಲ್ಲ ಹೇಳಿದ್ರು. ಆಮೇಲೆ ಊರಿನ ಹಿರಿಯರೊಬ್ಬರು ಎದ್ದು, ವಿ.ಸಿ. ನಾಲೆ ಕೊನೆ ಭಾಗದಲ್ಲಿದೀವಿ, ಮೇಲಿನವರು ತೂಬಿನ ಹತ್ರ ಅಡ್ಡ ಕಟ್ಕೊಂಡ್ರೆ ನಮಗೆ ನೀರೇ ಬರಲ್ಲ, ಇದಕ್ಕೇನು ಮಾಡ್ತೀರಿ ಸ್ವಾಮಿ ಅಂದ್ರು. ಅಧ್ಯಕ್ಷರು ಇಡೀ ವ್ಯವಸ್ಥೆನೇ ಬದಲಾಗಬೇಕು ಅಂತ ಇನ್ನೊಂದಷ್ಟು ಹೊತ್ತು ಮಾತಾಡಿದ್ರು. ಅದೇ ಪಕ್ಷದ ಜಿಲ್ಲಾ ಕಮಿಟಿಯ ಒಬ್ಬ ಹೆಣ್ಣುಮಗಳು ಮಾತ್ರ ಎದ್ದು ಬಂದು ಆ ಹಿರಿಯರ ಪಕ್ಕ ಕೂತು ಯಾವ ತೂಬು, ಎಷ್ಟನೇ ಸರ್ವೆ ನಂಬರ್, ಎಷ್ಟು ಜನರ ಜಮೀನು ಅಂತ ನೋಟ್‌ಬುಕ್‌ನಲ್ಲಿ ಬರ್ಕೊಂಡ್ರು. ಅದೇ ವಾರ ಅರ್ಜಿ ಕೊಟ್ಟು ಸೀಲ್ ಹಾಕಿಸಿದ ಕಾಪಿನ ಅವರ ಮನೆಗೇ ತಂದುಕೊಟ್ರು. ನೀರಿನ್ನೂ ಬಂದಿಲ್ಲ, ಆದ್ರೆ ಆ ಕಾಪಿ ಊರಲ್ಲೆಲ್ಲ ಕೈಯಿಂದ ಕೈಗೆ ಓಡಾಡ್ತಿದೆ.

ಈಗ ಈ ಪಕ್ಷನ ನಾನು ಅಧ್ಯಕ್ಷರನ್ನ ನೋಡಿ ಅಳೀಬೇಕಾ, ಆ ಹೆಣ್ಣುಮಗಳನ್ನ ನೋಡಿ ಅಳೀಬೇಕಾ? ಅನುಭವ ಇರೋರು ದಯವಿಟ್ಟು ಹೇಳಿ.

ತುಂಗಭದ್ರಾ ದಂಡಿ:

ನಮಸ್ಕಾರ್ರಿ. ನಂದು ರಾಣೆಬೆನ್ನೂರು. ಮೊದಲ ಒಂದು ಮಾತು ಕೇಳ್ರಿ ಅವರಿಗೆ, ಬಿ ಫಾರ್ಮಿಗೆ, ಅಂದ್ರ ಪಕ್ಷದ ಟಿಕೆಟ್ ಇವರಿಗೇ ಅಂತ ಬರದು ಕೊಡೋ ಕಾಗದಕ್ಕ, ಸೈನ್ ಮಾಡಾವ್ರು ಯಾರು ಅಂತ. ಸ್ಟೇಜ್ ಮ್ಯಾಲೆ ಮಾತಾಡಾವ್ರು ಒಬ್ರು ಇರ್ತಾರ, ಪಕ್ಷ ರಿಜಿಸ್ಟರ್ ಮಾಡಿಸಿ ಸೈನಿಂಗ್ ಅಧಿಕಾರ ಇಟ್ಕೊಂಡಾವ್ರು ಇನ್ನೊಬ್ರು ಇರ್ತಾರ. ಇದು ನಮ್ಮ ಕ್ಷೇತ್ರದಾಗ ನಾವು ಕಣ್ಣಾರೆ ಕಂಡಿದ್ದು.

ಉಪೇಂದ್ರ ಅವರು 2017ರ ಅಕ್ಟೋಬರ್ ಕೊನೀಗೆ ಕೆಪಿಜೆಪಿ (ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ) ಅಂತ ಪಕ್ಷ ಅನೌನ್ಸ್ ಮಾಡಿದ್ರು, ಪ್ರಜಾಕೀಯ ಅಂದ್ರು, ಹುಡುಗ್ರಿಗೆ ಭಾಳ ಆಸೆ ಹುಟ್ಟಿತ್ತು. 2018ರ ಮಾರ್ಚ್‌ನಾಗ ಟಿಕೆಟ್ ಹಂಚೋ ವಿಷಯಕ್ಕ ಒಳಗಿನವರ ಜೋಡಿ ಹೊಂದಲಿಲ್ಲ ಅಂತ ಅವರೇ ಹೊರಗ ಬಂದ್ರು. ಪಕ್ಷದ ಹೆಸರು ಮಾತ್ರ ಹಂಗೇ ಉಳೀತು. ಅದೇ ಹೆಸರಿನ ಮ್ಯಾಲೆ ಮೇ ತಿಂಗಳದಾಗ ನಮ್ಮಲ್ಲಿ ಆರ್. ಶಂಕರ್ ಅವರು ಆರಿಸಿ ಬಂದ್ರು, ಇಡೀ ರಾಜ್ಯದಾಗ ಆ ಪಕ್ಷಕ್ಕ ಅದೊಂದೇ ಸೀಟು. ಜೂನ್‌ನಾಗ ಅರಣ್ಯ ಮಂತ್ರಿ ಆದ್ರು, ಡಿಸೆಂಬರ್‌ನಾಗ ಕೈಬಿಟ್ರು, 2019ರ ಜೂನ್‌ನಾಗ ಮತ್ತ ಮಂತ್ರಿ ಮಾಡಿದ್ರು, ಅಷ್ಟೊತ್ತಿಗೆ ಪಕ್ಷ ಕಾಂಗ್ರೆಸ್‌ನಾಗ ವಿಲೀನ ಅಂತ ಆಗಿತ್ತು, ಜುಲೈನಾಗ ಸ್ಪೀಕರ್ ಅದ ವಿಲೀನದ ಮ್ಯಾಲೇ ಅನರ್ಹ ಮಾಡಿದ್ರು, ಆಮ್ಯಾಲ ಅವರು ಬಿಜೆಪಿಯಿಂದ ಎಂಎಲ್‌ಸಿ ಆದ್ರು. ಇಷ್ಟೆಲ್ಲ ಆಗೂದ್ರಾಗ ಪಕ್ಷ ಅನ್ನೋದು ಎಲ್ಲಿತ್ತು ಹೇಳ್ರಿ? ಕೂತು ವಿಚಾರ ಮಾಡೋ ಒಂದು ಕಮಿಟಿ, ಒಂದು ಮೀಟಿಂಗ್, ನಮಗಂತೂ ಕಾಣಲಿಲ್ಲ.

ಶಂಕರ್ ಅವರು ತಮ್ಮ ಸ್ವಂತ ಬಲದ ಮ್ಯಾಲೆ ಗೆದ್ದವರು, ಅದನ್ನ ಒಪ್ಪತೀನಿ. ಅದಕ್ಕ ಹೇಳೋದು, ಒಬ್ಬ ಮನಿಷಾ ಗೆದ್ರೆ ಆ ಪಕ್ಷದ ನಾಯಕತ್ವ ಚಲೋ ಐತಿ ಅಂತ ಅಲ್ಲ. ಎರಡೂ ಬ್ಯಾರೆ ಬ್ಯಾರೆ.

ಕೋರ್ಟ್ ಕಟ್ಟೆ:

ನಾನು ವಕೀಲಿ ಮಾಡೋಳು, ಕಾಗದದ ಕಡೆಯಿಂದ ಹೇಳ್ತೀನಿ, ಯಾಕಂದ್ರೆ ಸಣ್ಣ ಪಕ್ಷದ ವಿಷಯದಲ್ಲಿ ಪೇಪರು ಟಿವಿ ಮಾಡದೇ ಇರೋ ಕೆಲಸನ ಕಾಗದ ಮಾಡುತ್ತೆ.

ಅಧ್ಯಕ್ಷರು ಹಿಂದೆ ಯಾವುದಾದ್ರೂ ಎಲೆಕ್ಷನ್‌ಗೆ ನಿಂತಿದ್ರೆ ನಾಮಪತ್ರದ ಜೊತೆ ಫಾರಂ 26 ಅಫಿಡವಿಟ್ ಕೊಟ್ಟೇ ಇರ್ತಾರೆ. 2002ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆಸ್ತಿ, ಸಾಲ, ಓದು, ಕೇಸು ಎಲ್ಲ ಹೇಳಲೇಬೇಕು. ಚುನಾವಣಾ ಆಯೋಗದ ವೆಬ್‌ಸೈಟಲ್ಲೇ ಸಿಗುತ್ತೆ, ಮೈನೇತಾ ಸೈಟಲ್ಲಿ ಇನ್ನೂ ಸುಲಭವಾಗಿ ಸಿಗುತ್ತೆ. ಎರಡು ಮೂರು ಸಲ ನಿಂತಿದ್ರೆ ಎಲ್ಲಾ ಅಫಿಡವಿಟ್ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೇದರಲ್ಲಿದ್ದ ಜಮೀನು ಎರಡನೇದರಲ್ಲಿ ಯಾಕಿಲ್ಲ, ವೃತ್ತಿ ಸಮಾಜಸೇವೆ ಅಂತ ಬರೆದಿದ್ದರೆ ಆದಾಯ ಎಲ್ಲಿಂದ, ಇಂಥವನ್ನ ಅವರನ್ನೇ ನೇರವಾಗಿ ಕೇಳಬಹುದು. ಕೇಳಿದಾಗ ಸಿಟ್ಟಾಗ್ತಾರಾ, ಕೂರಿಸಿ ವಿವರಿಸ್ತಾರಾ ಅನ್ನೋದೂ ಗೊತ್ತಾಗುತ್ತೆ.

ಕೇಸ್ ಇದೆ ಅಂದ ತಕ್ಷಣ ಕೆಟ್ಟವರು ಅಂದ್ಕೋಬೇಡಿ, ಇದನ್ನ ಒತ್ತಿ ಹೇಳ್ತೀನಿ. ಹೋರಾಟದಿಂದ ಬಂದವರ ಮೇಲೆ ಐಪಿಸಿ 143, 147, 341, 283 ಇರೋದು ಮಾಮೂಲು: ಗುಂಪು ಸೇರಿದ್ರು, ರಸ್ತೆ ತಡೆದ್ರು ಅಂತ. ಅಧಿಕಾರಿ ಮುಂದೆ ಜೋರು ಮಾಡಿದ್ರೆ 353 ಕೂಡ ಹಾಕ್ತಾರೆ. 420, 406 ಇದ್ರೆ ಮಾತ್ರ ನಿಂತು ಓದಿ, ಅದು ದುಡ್ಡಿನ ಮೋಸದ ಆರೋಪ. 2024ರ ಜುಲೈ 1ರಿಂದ ಬಂದ ಕೇಸುಗಳಲ್ಲಿ ನಂಬರ್ ಬದಲಾಗಿದೆ, ಮೋಸಕ್ಕೆ ಐಪಿಸಿ ಜಾಗಕ್ಕೆ ಬಂದ ಬಿಎನ್ಎಸ್ ಕಾನೂನಿನ 318 ನೋಡಿ. ಹಾಗೇ ಸುಪ್ರೀಂ ಕೋರ್ಟ್ 2020ರಲ್ಲಿ ಇನ್ನೊಂದು ಮಾತು ಹೇಳಿದೆ: ಕೇಸಿರೋ ಅಭ್ಯರ್ಥಿಗೆ ಟಿಕೆಟ್ ಕೊಟ್ರೆ ಪಕ್ಷವೇ ಯಾಕೆ ಕೊಟ್ವಿ ಅಂತ 48 ಗಂಟೆಯೊಳಗೆ ಪ್ರಕಟಿಸಬೇಕು, ಗೆಲ್ತಾನೆ ಅನ್ನೋದು ಕಾರಣ ಆಗಲ್ಲ. ಇದು ದೊಡ್ಡ ಪಕ್ಷಕ್ಕೆ ಮಾತ್ರ ಅಲ್ಲ, ನಿಮ್ಮ ಪಕ್ಷ ಹಿಂದೆ ಅಂಥ ಅಭ್ಯರ್ಥಿ ಹಾಕಿದ್ರೆ ಏನು ಕಾರಣ ಬರೆದಿದ್ರು ಹುಡುಕಿ.

ಇನ್ನು ಪಕ್ಷದ ಲೆಕ್ಕ. ಪ್ರಜಾಪ್ರತಿನಿಧಿ ಕಾಯ್ದೆ 29ಎ ಪ್ರಕಾರ ರಿಜಿಸ್ಟರ್ ಆಗಿರಬೇಕು, 20,000ಕ್ಕಿಂತ ಹೆಚ್ಚು ದೇಣಿಗೆ ಕೊಟ್ಟವರ ಪಟ್ಟಿ ವರ್ಷಾ ವರ್ಷ ಫಾರಂ 24ಎನಲ್ಲಿ ಕೊಡಬೇಕು. 2025ರ ಆಗಸ್ಟಲ್ಲಿ ಆಯೋಗ 334 ಪಕ್ಷಗಳನ್ನ ಲಿಸ್ಟಿಂದ ತೆಗೀತು, ಆರು ವರ್ಷದಿಂದ ಒಂದು ಎಲೆಕ್ಷನ್‌ಗೂ ನಿಂತಿಲ್ಲ ಅಂತ. ನಿಮ್ಮದು ಲಿಸ್ಟಲ್ಲಿ ಇನ್ನೂ ಇದೆಯಾ ಮೊದಲು ನೋಡ್ಕೊಳ್ಳಿ. ಮತ್ತೆ ಸಂಚಾಲಕ ಅಂದ್ರೆ ನಾಳೆ ವಂತಿಗೆ ಎತ್ತೋರು ನೀವೇ ಆಗ್ತೀರಿ ಅಣ್ಣ, 2,000ಕ್ಕಿಂತ ಮೇಲೆ ನಗದು ತಗೋಬೇಡಿ, ರಸೀದಿ ಪುಸ್ತಕ ಕೊಡದೇ ದುಡ್ಡು ಎತ್ತಿ ಅಂದ್ರೆ ಅವತ್ತೇ ಬಿಟ್ಟುಬಿಡಿ. ಊರಲ್ಲಿ ಹೋಗೋದು ನಿಮ್ಮ ಹೆಸರು.

ಮಾದಪ್ಪನ ಸೀಮೆ:

ಮೇಡಂ ಹೇಳಿದ್ದು ಎಲ್ಲಾ ಸರಿ, ಆದ್ರೆ ಕಾಗದ ಕ್ಲೀನಾಗಿದ್ದು, ಹೋರಾಟ ಮಾಡಿದ್ದು, ಸೋತ್ರೂ ಬಿಡದೇ ಇದ್ದಿದ್ದು, ಇಷ್ಟೂ ಇದ್ದು ಆಮೇಲೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕೊಳ್ಳೇಗಾಲ ನೋಡಬೇಕು. ನಾನು ಯಾರನ್ನೂ ಬೈಯೋಕೆ ಬರೀತಿಲ್ಲ.

ಎನ್. ಮಹೇಶ್ ಅವರು ಬಿಎಸ್‌ಪಿನ ಇಲ್ಲಿ ಕಟ್ಟಿದ್ದು ವರ್ಷಗಟ್ಟಲೆ. ಗೆಲ್ಲಲ್ಲ ಅಂತ ಗೊತ್ತಿದ್ದೂ ನಿಂತು, ಸೋತು, ಮತ್ತೆ ಕೇರಿ ಕೇರಿಗೆ ಹೋಗಿ ಅಂಬೇಡ್ಕರ್ ಬಗ್ಗೆ ಪಾಠ ಹೇಳಿದಂಗೆ ಹೇಳ್ತಿದ್ರು. ಅವರ ಮಾತು ಕೇಳಿ ಓದೋಕೆ ಹೋದ ಹುಡುಗರು ನಮ್ಮಲ್ಲಿ ಇದಾರೆ. ಕೈಯಿಂದ ದುಡ್ಡು ಹಾಕಿ ಸುಣ್ಣ ನೀಲಿ ತಂದು ಗೋಡೆ ಮೇಲೆ ಪಕ್ಷದ ಗುರುತು ಆನೆ ಬರೆದವರು ಇದಾರೆ, ಒಂದೊಂದು ಗೋಡೆಗೆ ಒಂದೊಂದು ರಾತ್ರಿ. 2018ರಲ್ಲಿ ಗೆದ್ರು, ಕುಮಾರಸ್ವಾಮಿ ಸರ್ಕಾರದಲ್ಲಿ ಪ್ರಾಥಮಿಕ ಪ್ರೌಢ ಶಿಕ್ಷಣ ಮಂತ್ರಿ ಆದ್ರು, ಅವತ್ತಿನ ಸಂತೋಷನ ಹೇಳೋಕಾಗಲ್ಲ. ಅಕ್ಟೋಬರ್‌ಗೆ ರಾಜೀನಾಮೆ. 2019ರ ಜುಲೈ ವಿಶ್ವಾಸಮತಕ್ಕೆ ಸದನಕ್ಕೆ ಹೋಗಲಿಲ್ಲ, ತಟಸ್ಥ ಇರಿ ಅಂತ ಮೇಲಿಂದ ಸೂಚನೆ ಇತ್ತು ಅಂತ ಅವರು ಹೇಳಿದ್ರು, ಸರ್ಕಾರದ ಪರ ವೋಟ್ ಹಾಕಿ ಅಂದಿದ್ವಿ ಅಂತ ಮಾಯಾವತಿ ಅವರು ಉಚ್ಚಾಟನೆ ಮಾಡಿದ್ರು. 2021ರ ಆಗಸ್ಟಲ್ಲಿ ಬಿಜೆಪಿ ಸೇರಿದ್ರು, 2023ರಲ್ಲಿ ಬಿಜೆಪಿಯಿಂದ ನಿಂತು ಸೋತ್ರು.

ಇದರಲ್ಲಿ ಯಾರದು ಸರಿ ಯಾರದು ತಪ್ಪು ಅಂತ ಇವತ್ತಿಗೂ ಟೀ ಅಂಗಡೀಲಿ ಜಗಳ ಆಗುತ್ತೆ. ನಾನು ಕೇಳೋದು ಬೇರೆ. ಆನೆ ಬರೆದ ಹುಡುಗನ ಕೈಲಿ ಏನಿತ್ತು? ಉಚ್ಚಾಟನೆ ತೀರ್ಮಾನ ಆಗಿದ್ದು ಉತ್ತರ ಪ್ರದೇಶದಲ್ಲಿ, ಬಿಜೆಪಿಗೆ ಹೋಗೋ ತೀರ್ಮಾನ ಒಬ್ಬರದು. ಮಧ್ಯದಲ್ಲಿ ಒಂದು ಸಭೆ ಕರೆದು, ನಿಮ್ಮ ವೋಟಿಂದ ಬಂದ ಸೀಟಿದು, ಏನ್ ಮಾಡೋಣ ಹೇಳಿ ಅಂತ ಕೇಳೋ ಜಾಗಾನೇ ಆ ಪಕ್ಷದ ಒಳಗೆ ಇರಲಿಲ್ಲ. ಹಂಗಾಗಿ ಕೆರೆಯಂಗಳ ಅವರೇ, ನಿಮ್ಮ ಅಧ್ಯಕ್ಷರು ಒಳ್ಳೆಯವರೇ ಇರಬಹುದು. ಅವರಿಗೆ ಬೇಡ ಅಂತ ಹೇಳೋ ತಾಕತ್ತು ಪಕ್ಷದಲ್ಲಿ ಯಾರಿಗಿದೆ, ಇಲ್ಲಿವರೆಗೂ ಯಾರಾದ್ರೂ ಹೇಳಿದಾರಾ, ಹೇಳಿದವರು ಇನ್ನೂ ಪಕ್ಷದಲ್ಲಿ ಇದಾರಾ? ನನ್ನ ಮಟ್ಟಿಗೆ ಈ ಮೂರು ಉತ್ತರ ಸಿಕ್ರೆ ಸಾಕು, ಭಾಷಣ ಕೇಳೋ ಅಗತ್ಯ ಇಲ್ಲ.

ಹಸಿರು ಟವಲ್ ಪಾಂಡವಪುರ:

ನಮ್ಮ ಕಡೆ ವಿಷಯ ಬರದೇ ಈ ಚರ್ಚೆ ಮುಗಿಯೋ ಹಂಗಿಲ್ಲ ಕಣ್ರಪ್ಪ, ಅದಕ್ಕೇ ಬರೀತಿದೀನಿ, ಉದ್ದ ಆದ್ರೆ ಬೇಜಾರಾಗಬೇಡಿ.

ರೈತ ಸಂಘ ಹುಟ್ಟಿದ್ದು 1980ರಲ್ಲಿ, ನರಗುಂದ ನವಲಗುಂದದ ಗೋಲಿಬಾರ್ ಆದ ವರ್ಷ. ಪಕ್ಷ ಗಿಕ್ಷ ಎಲ್ಲ ಆಮೇಲಿನ ಮಾತು. ಅವತ್ತಿನ ಲೀಡರ್ ಎಂಥವನು ಅಂತ ಯಾರೂ ಅಫಿಡವಿಟ್ ನೋಡಿ ತಿಳ್ಕೊತಿರಲಿಲ್ಲ. ಸಾಲ ಕಟ್ಟಿಲ್ಲ ಅಂತ ಮನೆ ಬಾಗಿಲು, ಪಾತ್ರೆ, ಪಂಪ್‌ಸೆಟ್ ಜಪ್ತಿ ಮಾಡ್ಕೊಂಡು ಹೋಗ್ತಿದ್ರಲ್ಲ, ಹಸಿರು ಟವಲ್ ಹಾಕ್ಕೊಂಡು ಹೋಗಿ ಅದನ್ನ ವಾಪಸ್ ಎತ್ಕೊಂಡು ಬಂದು ಅದೇ ಮನೆ ಮುಂದೆ ಇಳಿಸೋರು, ಮರುಜಪ್ತಿ ಅಂತಿದ್ರು. ಊರ ಬಾಗಿಲಲ್ಲಿ ಬೋರ್ಡ್ ಇರ್ತಿತ್ತು, ಅಪ್ಪಣೆ ಇಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಅಂತ. ಯಾರು ಮುಂದೆ ನಿಂತ್ರು, ಪೊಲೀಸ್ ವ್ಯಾನ್ ಬಂದಾಗ ಯಾರು ಹಿಂದೆ ಸರಿದ್ರು ಅಂತ ಇಡೀ ಊರು ನೋಡೋದು.

ಅಷ್ಟು ಗಟ್ಟಿ ಸಂಘಟನೆಗೂ ಎಲೆಕ್ಷನ್ ಅನ್ನೋದು ಬೇರೆ ಥರ ಪರೀಕ್ಷೆ ಆಯ್ತು. 1989ರಲ್ಲಿ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ರು, ಒಂದು ಬಿಟ್ಟುಕೊಟ್ರು, ಆ ಉಪಚುನಾವಣೆಲಿ ಸಂಘದ ದೊಡ್ಡ ಲೀಡರ್ ಪ್ರೊಫೆಸರ್ ನಂಜುಂಡಸ್ವಾಮಿ ಅವರು ಗೆದ್ದು ವಿಧಾನಸಭೆಗೆ ಹೋದ್ರು. ಅದೇ ಬಾಬಾಗೌಡರು 1998ರಲ್ಲಿ ಬೆಳಗಾವಿಯಿಂದ ಬಿಜೆಪಿ ಎಂಪಿ ಆಗಿ ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಮಂತ್ರಿ ಆದ್ರು. ಪ್ರೊಫೆಸರ್ ಕಡೆವರೆಗೂ ಹಸಿರು ಟವಲ್ ಬಿಡಲಿಲ್ಲ, ಬೀಜ ಕಂಪನಿಗಳ ವಿರುದ್ಧ ಹೋರಾಡ್ತಾನೇ 2004ರಲ್ಲಿ ಹೋದ್ರು, ಆದ್ರೆ ಸಂಘ ಬಣ ಬಣ ಆಗಿದ್ದೂ ಅವರ ಕಾಲದಲ್ಲೇ. ದೊಡ್ಡ ಬುದ್ಧಿ ಇದ್ದ ಮಾತ್ರಕ್ಕೆ ಜೊತೆಯವರನ್ನ ಕೂಡಿಸಿಕೊಂಡು ಹೋಗೋ ಗುಣ ಇರಬೇಕು ಅಂತೇನಿಲ್ಲ. ಇದನ್ನ ಅವರ ಮೇಲಿನ ಗೌರವ ಇಟ್ಕೊಂಡೇ ಹೇಳ್ತಿದೀನಿ.

ಸಂಘದ ಇನ್ನೊಬ್ಬ ಲೀಡರ್ ಪುಟ್ಟಣ್ಣಯ್ಯನವರದ್ದು ಬೇರೆ ದಾರಿ. 1994ರಲ್ಲಿ ಪಾಂಡವಪುರದಿಂದ ಗೆದ್ರು, ಮತ್ತೆ ಗೆಲ್ಲೋಕೆ 2013 ಆಗಬೇಕಾಯ್ತು, ಮೇಲುಕೋಟೆ ಕ್ಷೇತ್ರದಿಂದ, ರೈತ ಸಂಘದವರದೇ ಆದ ಸರ್ವೋದಯ ಕರ್ನಾಟಕ ಪಕ್ಷದಲ್ಲಿ. ಮಧ್ಯೆ ಅಷ್ಟು ವರ್ಷ ಸೋತಿದ್ರೂ ಜನ ಅವರನ್ನ ಹುಡುಕ್ಕೊಂಡು ಹೋಗೋದು ನಿಲ್ಲಿಸಲಿಲ್ಲ. ಸೀಟು ಇಲ್ಲದ ವರ್ಷಗಳಲ್ಲಿ ಮನೆ ಮುಂದೆ ಚಪ್ಪಲಿ ಎಷ್ಟಿದ್ವು ಅನ್ನೋದೇ ನಮ್ಮ ಕಡೆ ಲೆಕ್ಕ. ಸದನದಲ್ಲಿ ಮಾತಾಡಿದ್ರೆ ಬೇರೆ ಪಕ್ಷದವರೂ ಸುಮ್ಮನೆ ಕೂತು ಕೇಳೋರು, ನಗ್ತಾ ನಗಿಸ್ತಾ ಕಬ್ಬಿನ ಬಾಕಿ ವಿಷಯ ತಂದುಬಿಡೋರು.

2018ರ ಫೆಬ್ರವರಿ 18, ಮಂಡ್ಯದಲ್ಲಿ ಕಬಡ್ಡಿ ನೋಡ್ತಾ ಕೂತಿದ್ದವರು ಹಂಗೇ ಹೋಗಿಬಿಟ್ರು. ಮೇ ತಿಂಗಳಲ್ಲಿ ಎಲೆಕ್ಷನ್. ಆಗ ಗೊತ್ತಾಯ್ತು, ಎರಡನೇ ಸಾಲು ಅನ್ನೋದು ನಮ್ಮಲ್ಲಿ ತಯಾರಾಗಿರಲಿಲ್ಲ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸ್ತಿದ್ದ ಮಗ ದರ್ಶನ್ ಅವರು ಬಂದು ಸ್ವರಾಜ್ ಇಂಡಿಯಾ ಪಕ್ಷದಿಂದ ನಿಂತ್ರು, ಸೋತ್ರು. 2023ರಲ್ಲಿ ಸರ್ವೋದಯದಿಂದ ಮತ್ತೆ ನಿಂತು ಗೆದ್ರು. ನಾನು ಎರಡು ಸಲನೂ ಅವರಿಗೇ ವೋಟ್ ಹಾಕಿದೀನಿ, ಮುಂದೂ ಹಾಕ್ತೀನಿ. ಆದ್ರೂ ಕೇಳಬೇಕಾದ್ದನ್ನ ಕೇಳ್ತೀನಿ, ನಲವತ್ತು ವರ್ಷದ ಚಳವಳಿಯಲ್ಲಿ ಮನೆಯೊಳಗಿನವರು ಬಿಟ್ರೆ ನಿಲ್ಲಿಸೋಕೆ ಇನ್ನೊಬ್ಬ ಸಿಗಲಿಲ್ವಾ? ಮತ್ತೆ ಎರಡೂ ಸಲ ಕಾಂಗ್ರೆಸ್ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿದೆ, ಆ ವೋಟಲ್ಲಿ ನಮ್ಮದೆಷ್ಟು ಅವರದೆಷ್ಟು ಅಂತ ಲೆಕ್ಕ ಹಾಕದೆ ನಾವು ಬೆಳೆದ್ವಿ ಅಂದ್ಕೊಂಡ್ರೆ ಮೋಸ ಹೋಗೋರು ನಾವೇ. ಇದನ್ನ ಸಂಘದ ಮೀಟಿಂಗಲ್ಲೂ ಎದ್ದು ನಿಂತು ಕೇಳಿದೀನಿ, ಯಾರೂ ನನ್ನ ಹೊರಗೆ ಹಾಕಿಲ್ಲ, ಅದು ಒಳ್ಳೆ ಲಕ್ಷಣ ಅಂತಾನೇ ತಿಳ್ಕೊಂಡಿದೀನಿ.

ಗೆದ್ದ ಸಣ್ಣ ಪಕ್ಷದ ಶಾಸಕ ಹೆಂಗೆ ಅಂತ ನೋಡಬೇಕು ಅಂದ್ರೆ ವಿಧಾನಸಭೆ ವೆಬ್‌ಸೈಟಲ್ಲಿ ಪ್ರಶ್ನೋತ್ತರ ಹಾಕಿರ್ತಾರೆ, ತೆಗೆದು ಓದಿ. ಒಬ್ಬನೇ ಇದ್ದಾಗ ಮಾತಾಡೋಕೆ ಟೈಮ್ ಕಮ್ಮಿ ಸಿಗುತ್ತೆ, ಆದ್ರೆ ಪ್ರಶ್ನೆ ಬರೆದು ಕೊಡೋಕೆ ಯಾರೂ ಅಡ್ಡ ಬರಲ್ಲ.

ತುಂಗಭದ್ರಾ ದಂಡಿ:

ಪಾಂಡವಪುರದವರು ಹೇಳಿದ್ದ ಎರಡನೇ ಸಾಲಿನ ಮಾತು ಖರೇ ಐತ್ರಿ. ಇನ್ನೊಂದ ಕೂಡಿಸ್ತೀನಿ. ಹೊರಗಿನಿಂದ ಹೆಸರು ಮಾಡಿದವರನ್ನ ಕರಕೊಂಡು ಬಂದು ಉಪಾಧ್ಯಕ್ಷರು ಮಾಡಿದ್ರು ಅಂದ್ರೂ ಎರಡನೇ ಸಾಲು ಅನ್ನಾಕ ಆಗಂಗಿಲ್ಲ. ಐಪಿಎಸ್ ಇದ್ದ ಭಾಸ್ಕರ್ ರಾವ್ ಅವರು 2022ರ ಏಪ್ರಿಲ್‌ನಾಗ ಎಎಪಿ (ಆಮ್ ಆದ್ಮಿ ಪಕ್ಷ) ಸೇರಿದ್ರು, ಭಾಳ ಸುದ್ದಿ ಆತು, 2023ರ ಎಲೆಕ್ಷನ್‌ಕಿಂತ ಮೊದಲ ಮಾರ್ಚ್‌ನಾಗ ಬಿಜೆಪಿಗೆ ಹೋದ್ರು. ಆ ಎಲೆಕ್ಷನ್‌ನಾಗ ಎಎಪಿ ಇನ್ನೂರಕ್ಕಿಂತ ಹೆಚ್ಚು ಕಡೆ ನಿಂತು ಒಂದೂ ಗೆಲ್ಲಲಿಲ್ಲ. ದೊಡ್ಡ ಹೆಸರು ಬಂದದ್ದಕ್ಕ ಹಿಗ್ಗಬ್ಯಾಡ್ರಿ, ಹಳೆ ಹುಡುಗ್ರು ಎಷ್ಟು ಮಂದಿ ಉಳದಾರ ನೋಡ್ರಿ. ಐದು ವರ್ಷದ ಹಿಂದಿನ ಮೀಟಿಂಗ್ ಫೋಟೋ ಅವರ ಪೇಜಿನಾಗ ಇರ್ತಾವು, ಅದರಾಗಿನ ಮಂದಿಗೆ ಫೋನ್ ಹಚ್ಚಿ ಯಾಕ ಬಿಟ್ರಿ ಅಂತ ಕೇಳ್ರಿ.

ಕೆರೆಯಂಗಳ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಪಕ್ಷ ಲಿಸ್ಟಲ್ಲಿ ಇದೆ. ಅಧ್ಯಕ್ಷರ ಅಫಿಡವಿಟ್ ಎರಡು ಸಿಕ್ತು, ಕೇಸುಗಳು ರಸ್ತೆ ತಡೆದಿದ್ದೇ, ಆಸ್ತಿಯಲ್ಲಿ ಏನೂ ಅನುಮಾನ ಬರೋ ಥರ ಇಲ್ಲ. ಅವರು ಪ್ರಾಮಾಣಿಕರು ಅಂತ ನನಗೆ ನಂಬಿಕೆ ಬಂದಿದೆ.

ಮಾದಪ್ಪನ ಸೀಮೆಯವರು ಹೇಳಿದ ಮೂರು ಪ್ರಶ್ನೆನ ಜಿಲ್ಲಾ ಕಮಿಟಿಯವರ ಹತ್ರ ಕೇಳಿದೆ. ರಾಜ್ಯ ಸಮಿತಿ ಸಭೆ ಹೋದ ವರ್ಷದಿಂದ ಆಗಿಲ್ಲವಂತೆ, ತೀರ್ಮಾನ ಎಲ್ಲ ಅಧ್ಯಕ್ಷರು ವಾಟ್ಸಾಪ್ ಗ್ರೂಪಲ್ಲಿ ಹಾಕ್ತಾರೆ, ಉಳಿದವರು ಓಕೆ ಅಂತ ಹಾಕ್ತಾರೆ. ಒಬ್ಬರು ಹಿಂದೆ ಲೆಕ್ಕ ಕೇಳಿದ್ರಂತೆ, ಈಗ ಗ್ರೂಪಲ್ಲಿ ಇಲ್ಲ. ಹಂಗಂತ ಕೆಟ್ಟ ಉದ್ದೇಶ ಕಾಣಲ್ಲ, ಎಲ್ಲಾ ತಾವೇ ಹೊರಬೇಕು ಅನ್ನೋ ಸ್ವಭಾವ ಅನ್ಸುತ್ತೆ. ಇಂಥ ಕಡೆ ಒಳಗೆ ಹೋಗಿ ಸರಿ ಮಾಡೋಕಾಗುತ್ತಾ, ಹೊರಗೇ ಇರೋದು ಒಳ್ಳೇದಾ?

ಕೋರ್ಟ್ ಕಟ್ಟೆ:

ಉದ್ದೇಶ ಒಳ್ಳೇದಿದ್ರೂ ಬೈಲಾ ಬೈಲಾನೇ ಅಣ್ಣ. ರಿಜಿಸ್ಟರ್ ಮಾಡಿಸುವಾಗ ಪಕ್ಷದವರೇ ಬರೆದುಕೊಟ್ಟಿರ್ತಾರೆ, ಪದಾಧಿಕಾರಿಗಳ ಚುನಾವಣೆ ಎಷ್ಟು ವರ್ಷಕ್ಕೊಮ್ಮೆ, ರಾಜ್ಯ ಸಮಿತಿ ಯಾವಾಗ ಸೇರಬೇಕು ಅಂತ. ಒಂದು ಕಾಪಿ ಕೇಳಿ ಇಸ್ಕೊಳ್ಳಿ. ಲೆಕ್ಕ ಕೇಳಿದವರನ್ನ ಯಾವ ನಿಯಮದಡಿ ತೆಗೆದ್ರಿ ಅಂತ ಬರಹದಲ್ಲೇ ಕೇಳಿ, ಮಾತಲ್ಲಿ ಬೇಡ.

ಹಸಿರು ಟವಲ್ ಪಾಂಡವಪುರ:

ಹೊರಗಿರಿ ಅಂತ ನಾನಂತೂ ಹೇಳಲ್ಲ. ಒಳ್ಳೆಯವರೆಲ್ಲ ಹೊರಗೇ ಉಳಿದ್ರೆ ಆ ಗ್ರೂಪಲ್ಲಿ ಓಕೆ ಅನ್ನೋರಷ್ಟೇ ಉಳೀತಾರೆ. ಒಂದು ಕಂಡೀಷನ್ ಹಾಕಿ: ಎರಡು ತಿಂಗಳೊಳಗೆ ರಾಜ್ಯ ಸಮಿತಿ ಸಭೆ ಕರೆದು ನನ್ನ ನೇಮಕನ ಅಲ್ಲಿ ಎಲ್ಲರ ಮುಂದೆ ಒಪ್ಪಿಸಿ, ಅಧ್ಯಕ್ಷರ ಒಂದು ಪತ್ರದಿಂದ ಬೇಡ ಅನ್ನಿ. ಆ ಲೆಕ್ಕ ಕೇಳಿದವರನ್ನೂ ಆ ಸಭೆಗೆ ಕರೀಬೇಕು ಅನ್ನಿ. ಒಪ್ಪಿದ್ರೆ ಟವಲ್ ಹಾಕ್ಕೊಳ್ಳಿ. ಒಪ್ಪಲಿಲ್ಲ ಅಂದ್ರೆ ಗೊಬ್ಬರದ ಅಂಗಡಿಲಿ ಕೂತೇ ನಾಲೆ ವಿಷಯಕ್ಕೆ ಓಡಾಡಬಹುದು, ಅದಕ್ಕೆ ಯಾರ ಬಿ ಫಾರ್ಮೂ ಬೇಕಾಗಿಲ್ಲ.